ಚಿಗವ್ವನ ಹೆಸರನ್ನು ನಾನೇ ಬರೆದಿದ್ದೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಪ್ಪ ಲಕ್ಷ್ಮೇಶ್ವರದ ಮಾರುಕಟ್ಟೆಯಲ್ಲಿ ಹಮಾಲ. ಕಾಳಿನ ಚೀಲ ಹೊತ್ತು ಅವನ ಕುತ್ತಿಗೆಯ ಹಿಂಭಾಗ ದಡ್ಡುಗಟ್ಟಿದೆ. ಮೂರು ವರ್ಷ ಗದಗಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದೆ, ಎಷ್ಟೋ ದಿನ ನಿಂತುಕೊಂಡೇ ಹೋದದ್ದು. ಅಂಕಪಟ್ಟಿ ಬಂದ ದಿನ ಅಪ್ಪ ಅದನ್ನು ತಾನು ಚೀಲ ಇಳಿಸುವ ಅಂಗಡಿಗೆ ಒಯ್ದು, ಗುಮಾಸ್ತರಿಂದ ಗಟ್ಟಿಯಾಗಿ ಓದಿಸಿ ಕೇಳಿ ಬಂದ. ಈ ಹೆಮ್ಮೆಯನ್ನು ಮುಚ್ಚಿಡುವಷ್ಟು ದೊಡ್ಡವಳು ನಾನಲ್ಲ.

ಕಪ್ಪತಗುಡ್ಡಕ್ಕೆ ವನ್ಯಜೀವಿ ಧಾಮವೆಂಬ ಹೆಸರು ಬಂದ ಮೇಲೆ ಬೆಂಗಳೂರಿನ ಒಂದು ಸಂಸ್ಥೆಯವರು ಕತ್ತೆಕಿರುಬಗಳ ಅಧ್ಯಯನಕ್ಕೆ ಬಂದರು. ಗುಡ್ಡದ ದಾರಿ ಬಲ್ಲ, ಸ್ಥಳೀಯ ಪದವೀಧರರು ಬೇಕಾಗಿದ್ದರು. ನಮ್ಮ ಅವ್ವನ ತವರು ಮುಂಡರಗಿ ಕಡೆಯ ಗುಡ್ಡದ ಬುಡದಲ್ಲೇ ಇದೆ. ಅವ್ವನ ತಂಗಿ, ನನ್ನ ಚಿಗವ್ವ, ಅದೇ ಊರಿಗೆ ಸೊಸೆಯಾದವಳು. ಅವಳ ಮನೆಯಲ್ಲಿ ಉಳಿದು ಕೆಲಸ ಮಾಡುತ್ತೇನೆಂದೆ. ಅಧ್ಯಯನದ ಮುಖ್ಯಸ್ಥೆಯಾಗಿದ್ದ ಮೇಡಂ ಅಂದೇ ನನ್ನನ್ನು ಸೇರಿಸಿಕೊಂಡರು.

ಕೆಲಸ ಹೀಗಿತ್ತು. ಪ್ರಾಣಿಗಳು ಓಡಾಡುವ ಕಾಲುದಾರಿ ಹುಡುಕಿ, ಮೊಣಕಾಲೆತ್ತರಕ್ಕೆ ಮರಕ್ಕೊಂದು ಕ್ಯಾಮೆರಾ ಕಟ್ಟುವುದು. ಎದುರಿಗೆ ಏನು ಅಲುಗಾಡಿದರೂ ಅದು ತಾನಾಗಿ ಚಿತ್ರ ತೆಗೆಯುತ್ತದೆ. ಗಾಳಿಗೆ ಆಡುವ ಟೊಂಗೆಗೂ ತೆಗೆಯುತ್ತದೆ. ಹಾಗಾಗಿ ಎದುರಿನ ಗಿಡಗಂಟಿ ಕಡಿಯಬೇಕು. ಚಿಗವ್ವನ ಕುಡಗೋಲು ಇಸಿದುಕೊಂಡು ನಾನು ಕಡಿಯುತ್ತಿದ್ದೆ. ಮೇಡಂ ಬೆರಳು ಮಾಡಿ ತೋರಿಸುತ್ತಿದ್ದರು: "ಇನ್ನೂ ಸ್ವಲ್ಪ. ಆ ಕಡೆದೂ ತೆಗೆದುಬಿಡು."

ಊರ ಹೆಂಗಸರು ಬೆಳಗಿನ ಜಾವ ಇದೇ ದಾರಿಯಲ್ಲಿ ಹೋಗಿ ಒಣ ಕಟ್ಟಿಗೆ ಆರಿಸಿ ತರುತ್ತಿದ್ದರು. ಮರಕ್ಕೆ ಕಟ್ಟಿದ ಡಬ್ಬಿ ನೋಡಿ ಅವರಿಗೆ ಅಂಜಿಕೆಯಾಯಿತು. ಒಂದು ಮಧ್ಯಾಹ್ನ ಮೇಡಂ ಚಿಗವ್ವನ ಕಟ್ಟೆಯ ಮೇಲೆ ಕುಳಿತು ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿರುವಾಗ ಪಕ್ಕದ ಮನೆಯಾಕೆ ಕೇಳಿಯೇಬಿಟ್ಟಳು.

"ಬಾಯಾರ, ಅದು ನಮ್ಮ ಚಿತ್ರಾನೂ ಹಿಡೀತೈತೇನ್ರಿ?"

"ಬಂದರೆ ಅಳಿಸಿಬಿಡ್ತೀವಮ್ಮ," ಎಂದರು ಮೇಡಂ. "ನಮಗೆ ಬೇಕಾಗಿರೋದು ಕತ್ತೆಕಿರುಬ ಮಾತ್ರ."

ನಾನು ಅದನ್ನೇ ನಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳಿದೆ. "ಅಳಿಸ್ತಾರಂತ. ನಾ ಅದೀನಲ್ಲ, ಅಂಜಬ್ಯಾಡ್ರಿ."

ಚಿಗವ್ವ ಇನ್ನೊಂದು ರೊಟ್ಟಿ ಹಾಕುತ್ತ, "ಅಯ್ಯ, ಕಿರುಬದ್ದು ಇಟ್ಟಕೋತೀರಿ, ನಮ್ಮದು ಅಳಸ್ತೀರಿ? ನಾವೇನ್ರಿ, ಕಿರುಬಕ್ಕಿಂತ ಕಡಿಮಿ ಅದೀವೇನು?" ಅಂದಳು. ಎಲ್ಲರೂ ನಕ್ಕರು. ಮೇಡಂ ಎಲ್ಲರಿಗಿಂತ ಹೆಚ್ಚು ನಕ್ಕರು.

ಅಂಜಿಕೆ ಹೋಯಿತು. ಅಂಜಿಕೆ ಹೋಗಿ ಸಲಿಗೆಯೂ ಬಂತು. ಮೂರನೆಯ ವಾರದ ಚಿತ್ರಗಳನ್ನು ತೆರೆದು ನೋಡಿದರೆ, ತಲೆಯ ಮೇಲೆ ಕಟ್ಟಿಗೆ ಹೊರೆ, ಸೊಂಟದಲ್ಲಿ ಕುಡಗೋಲು, ಚಿಗವ್ವ ಕ್ಯಾಮೆರಾದ ಎದುರು ನೆಟ್ಟಗೆ ನಿಂತು ನಗುತ್ತಿದ್ದಾಳೆ. ಅವಳ ಹಿಂದೆ ಪಕ್ಕದ ಮನೆಯಾಕೆ ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ. ಇನ್ನೂ ಬೆಳಕು ಹರಿಯದ ಹೊತ್ತಾದ್ದರಿಂದ ಚಿತ್ರ ಕಪ್ಪು-ಬಿಳುಪು. ಹೊರೆಯಲ್ಲಿ ಹಸಿ ಯಾವುದು, ಒಣ ಯಾವುದು ಎಂದು ಅದರಲ್ಲಿ ಗೊತ್ತಾಗುವುದಿಲ್ಲ. ಆಗ ನಾನು ಅದನ್ನು ಯೋಚಿಸಲೂ ಇಲ್ಲ. ಒಬ್ಬಳೇ ಕುಳಿತು ನಕ್ಕೆ.

ಪ್ರತಿ ಚಿತ್ರದ ಮಾಹಿತಿಯನ್ನು ಹಾಳೆಯಲ್ಲಿ ತುಂಬಬೇಕಿತ್ತು. ಕ್ಯಾಮೆರಾ ಸಂಖ್ಯೆ, ಹೊತ್ತು, ಪ್ರಾಣಿ, ಎಷ್ಟು. ಕೊನೆಗೆ 'ವಿವರ' ಎಂಬ ಕಾಲಂ. ಜನರ ಚಿತ್ರ ಬಂದರೆ 'ಮನುಷ್ಯ' ಎಂದಷ್ಟೇ ಬರೆದರೆ ಸಾಕಿತ್ತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಶಾಲೆಯಲ್ಲಿ ನಮ್ಮ ತಲೆಗೆ ಒಂದೇ ಮಾತು ತುಂಬಿದ್ದರು, ಪರೀಕ್ಷೆಯಲ್ಲಿ ಏನನ್ನೂ ಖಾಲಿ ಬಿಟ್ಟು ಬರಬೇಡಿ, ಗೊತ್ತಿದ್ದದ್ದನ್ನೆಲ್ಲ ಬರೆಯಿರಿ. ನನಗೆ ಎಲ್ಲರೂ ಗೊತ್ತಿದ್ದರು. ಹೆಂಗಸಿನ ಹೆಸರು, ಗಂಡನ ಹೆಸರು, ಊರು, ತಲೆಯ ಮೇಲೇನಿತ್ತು, ಎಲ್ಲವನ್ನೂ ದುಂಡಗೆ ಬರೆದೆ. ಹನ್ನೊಂದು ಹೆಂಗಸರು. ಮೇಡಂ ಹಾಳೆ ನೋಡಿ, "ಎಷ್ಟು ಅಚ್ಚುಕಟ್ಟು! ನಮ್ಮ ಬೆಂಗಳೂರಿನ ಹುಡುಗರೂ ಹೀಗೆ ಬರೆಯಲ್ಲ" ಎಂದರು. ಆ ಮಾತನ್ನು ನಾನು ಅಪ್ಪನಿಗೆ ಹೇಳಿದೆ. ಅಪ್ಪ ಅದನ್ನು ಮಾರುಕಟ್ಟೆಗೆಲ್ಲ ಹೇಳಿದ.

ಅಳಿಸುವ ವಿಷಯ ಒಂದೆರಡು ಸಲ ಕೇಳಿದೆ. ಎಣಿಕೆ ಮುಗಿಯಲಿ ಎಂದರು ಮೇಡಂ. ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ಗದಗಿನ ಪರಿಸರಪ್ರಿಯರೊಬ್ಬರು ಕೋರ್ಟಿಗೆ ಹೋದರು. ಅವರ ದೂರು ನಮ್ಮ ಕೆಲಸದ ವಿಧಾನದ ಮೇಲೆ. ಧಾಮದೊಳಗೆ ಒಂದು ಕಡ್ಡಿಯನ್ನೂ ಕಡಿಯಬಾರದೆಂದು ಅನುಮತಿ ಪತ್ರದಲ್ಲೇ ಇದೆ, ಆದರೆ ಕ್ಯಾಮೆರಾ ಇರುವಲ್ಲೆಲ್ಲ ಗಿಡ ಕಡಿದಿದ್ದಾರೆ, ಅಧ್ಯಯನ ನಿಲ್ಲಿಸಬೇಕು ಎಂದು. ಕಡಿದ ಬೊಡ್ಡೆಗಳ ಫೋಟೋ ಕೂಡ ಹಚ್ಚಿದ್ದರು. ದೂರು ಸುಳ್ಳಾಗಿರಲಿಲ್ಲ.

ಗದಗಿನಲ್ಲಿ ಸಂಸ್ಥೆಯ ವಕೀಲರ ಕಚೇರಿಗೆ ಮೇಡಂ ನನ್ನನ್ನು ಕರೆಸಿದರು. ಕೋರ್ಟಿಗೆ ಕೊಡುವ ಉತ್ತರ ಟೈಪಾಗಿತ್ತು. ಇಂಗ್ಲಿಷನ್ನು ನಾನು ನಿಧಾನಕ್ಕೆ ಓದುತ್ತೇನೆ, ಆದರೆ ತಪ್ಪು ಓದುವುದಿಲ್ಲ. ಅದರಲ್ಲಿ ಹೀಗಿತ್ತು: ಗಿಡಗಳನ್ನು ಕಡಿದವರು ಅಕ್ರಮವಾಗಿ ಕಟ್ಟಿಗೆಗೆ ಬರುವ ಹೆಂಗಸರು. ಚಿತ್ರಗಳನ್ನೂ ಪಟ್ಟಿಯನ್ನೂ ನೋಡಬಹುದು. ಕ್ಯಾಮೆರಾದ ಮುಂದೆ ನಕ್ಕು ನಿಲ್ಲುವಷ್ಟು ಅವರಿಗೆ ಕಾನೂನಿನ ಭಯವಿಲ್ಲ. ಕೆಳಗೆ ಚಿಗವ್ವನ ಚಿತ್ರ. ಅದರ ಹಿಂದೆ ನನ್ನ ಹಾಳೆಗಳ ಝೆರಾಕ್ಸ್, ನನ್ನದೇ ದುಂಡಕ್ಷರ.

"ಇಲ್ಲೊಂದು ಸಹಿ ಮಾಡು. ಗುರುತು ಹಿಡಿದವಳು ನೀನು ಅಂತ," ಎಂದರು ಮೇಡಂ.

"ಮೇಡಂ, ಗಿಡ ಕಡಿದಾಕಿ ನಾನು. ನೀವ ನಿಂತು ತೋರಿಸಿದ್ರಿ."

"ಅದು ಕಡಿಯೋದಲ್ಲಮ್ಮ. ಎಲ್ಲ ಕಡೆ ಮಾಡ್ತಾರೆ, ವಿಧಾನದ ಒಂದು ಭಾಗ."

"ಹಂಗಂತ ಬರೀರಿ ಮತ್ತ, ಅದರಾಗ ಏನೈತಿ? ಆ ಚಿತ್ರ ಅಳಿಸ್ತೀವಿ ಅಂದಿದ್ರಿ. ನಮ್ಮ ಚಿಗವ್ವನ ಮನಿ ಕಟ್ಟಿ ಮ್ಯಾಲ ಕುಂತು ಅಂದಿದ್ರಿ."

ಅವರು ತಗ್ಗಿದ ದನಿಯಲ್ಲಿ, "ನೋಡು, ಇಷ್ಟು ದಿನದ ಕೆಲಸ ಉಳೀಬೇಕಲ್ವಾ? ಅವರಿಗೇನೂ ಆಗಲ್ಲ, ಒಂದು ನೋಟಿಸ್ ಬರುತ್ತೆ ಅಷ್ಟೇ. ನೀನು ಎಂ.ಎಸ್ಸಿ.ಗೆ ಹೋಗಬೇಕು ಅಂತಿದ್ದೀಯ. ಶಿಫಾರಸು ಪತ್ರ ನಾನೇ ಕೊಡಬೇಕು," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಒಳ್ಳೆಯದನ್ನೇ ಮಾಡುತ್ತಿರುವವರ ಹಾಗೆ ಹೇಳಿದರು.

ಸಹಿ ಮಾಡದೆ ಎದ್ದು ಬಂದೆ. ಅದರಿಂದ ಏನೂ ತಪ್ಪಲಿಲ್ಲ. ಹಾಳೆಗಳೇ ಸಾಕಾಗಿದ್ದವು, ಉತ್ತರದ ಜೊತೆ ಅವು ಅರಣ್ಯ ಇಲಾಖೆಗೂ ಹೋದವು. ಹದಿನೈದು ದಿನದೊಳಗೆ ಹನ್ನೊಂದು ಹೆಂಗಸರಿಗೂ ಅರಣ್ಯ ಕಚೇರಿಯಿಂದ ನೋಟಿಸ್ ಬಂತು.

ನಾನು ಊರಿಗೆ ಹೋದಾಗ ಎಲ್ಲರೂ ಚಿಗವ್ವನ ಪಡಸಾಲೆಯಲ್ಲಿ ಕೂಡಿದ್ದರು. ಯಾರು ಹೇಳಿಕೊಟ್ಟಿದ್ದಾರು ಎಂಬ ಮಾತೇ ನಡೆದಿತ್ತು. ಒಬ್ಬಳು ಅರಣ್ಯದ ವಾಚರನ ಮೇಲೆ ಹಾಕಿದಳು. ಪಕ್ಕದ ಮನೆಯಾಕೆ ಒಪ್ಪಲಿಲ್ಲ.

"ಅಂವಗ ತನ್ನ ಹೇಣತಿ ಹೆಸರ ನೆಪ್ಪ ಇರೂದಿಲ್ಲ, ನಮ್ಮ ಹೆಸರ ಎಲ್ಲಿ ಹೇಳ್ಯಾನು?"

ಯಾರೂ ನಗಲಿಲ್ಲ. ಚಿಗವ್ವ ನೋಟಿಸನ್ನು ನನ್ನ ಕೈಗೆ ಕೊಟ್ಟು, "ಓದ ನನ್ನವ್ವ, ಏನೈತಿ ನೋಡು," ಎಂದಳು. ಓದಿದೆ. ಅವಳ ಹೆಸರು, ಇಂಥವರ ಹೆಂಡತಿ ಎಂದು ಕಾಕನ ಹೆಸರು. ಚಿಗವ್ವ ಕೈ ತೋರಿಸಿ ತಡೆದಳು.

"ಅವರ ಹೆಸರ ಹ್ಯಾಂಗ ಬಂತು ಅದರಾಗ?"

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಕಾರ್ಡಿಗಾದರೂ, ದವಾಖಾನೆಯಲ್ಲಾದರೂ, ಪಕ್ಕದಲ್ಲಿದ್ದವರೇ ಹೇಳಬೇಕು.

"ನಾ ಅಂತೂ ಅವರ ಹೆಸರ ಬಾಯಾಗ ತಂದಾಕಿ ಅಲ್ಲ," ಎಂದಳು ಚಿಗವ್ವ, ಒಬ್ಬೊಬ್ಬರನ್ನೇ ನೋಡುತ್ತ. "ಈಕಿನೂ ಅಲ್ಲ, ಆಕಿನೂ ಅಲ್ಲ. ಹನ್ನೊಂದು ಗಂಡಸರ ಹೆಸರ ಒಂದೂ ತಪ್ಪದಂಗ ಹೇಳಿದಾರು ಯಾರು ಹಂಗಾದ್ರ? ನಮ್ಮ ಮನಿಯೊಳಗ ಉಂಡಾರ ಇರಬೇಕು."

ಅವಳಿಗೆ ನನ್ನ ಮೇಲೆ ಸಂಶಯವಿರಲಿಲ್ಲ. ಮೇಡಂ ಕಿವಿಗೆ ಯಾರೋ ಹಾಕಿದ್ದಾರೆಂದೇ ಅವಳ ಲೆಕ್ಕ. ಸುಮ್ಮನಿದ್ದಿದ್ದರೆ ಆ ದಿನ ಪಾರಾಗುತ್ತಿದ್ದೆ.

"ನಾ ಬರದೇನಿ, ಚಿಗವ್ವ."

"ಏನಂದಿ?"

"ಹಾಳಿ ಮ್ಯಾಲ ನಾನ ಬರದೇನಿ. ಎಲ್ಲಾರ ಹೆಸರೂ."

"ಯಾಕ ಬೇ? ಯಾರರ ಕೇಳಿದ್ರೇನು?"

"ಇಲ್ಲ. ಕಾಲಂ ಇತ್ತು."

ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ. ಪಕ್ಕದ ಮನೆಯಾಕೆ, "ಕಲ್ತಾಕಿ ನೋಡ್ರಿ," ಎಂದು ಎದ್ದು ಹೋದಳು. ಅವಳ ಹಿಂದೆ ಉಳಿದವರೂ ಎದ್ದರು.

ಮರುದಿನವೇ ನಾನು ದೂರು ಕೊಟ್ಟವರ ವಕೀಲರನ್ನು ಹುಡುಕಿಕೊಂಡು ಹೋದೆ. ಗಿಡ ಕಡಿದದ್ದು ನಾನು, ಕಡಿಸಿದವರು ಇಂಥವರು, ಹೆಂಗಸರು ತಂದದ್ದು ಒಣ ಕಟ್ಟಿಗೆ, ಚಿತ್ರ ಅಳಿಸುತ್ತೇವೆಂದು ಮಾತು ಕೊಟ್ಟದ್ದು ನಿಜ ಎಂದು ಬರೆದು ಸಹಿ ಮಾಡಿದೆ. ಒಂದು ಪ್ರತಿ ಕೋರ್ಟಿಗೆ ಹೋಯಿತು. ಇನ್ನೊಂದನ್ನು, ಹೆಂಗಸರು ವಿಚಾರಣೆಗೆ ಬಂದ ದಿನ, ಮುಂಡರಗಿಯ ಅರಣ್ಯ ಕಚೇರಿಯಲ್ಲಿ ಅವರೆಲ್ಲರ ಎದುರು ಗಟ್ಟಿಯಾಗಿ ಓದಿದೆ. ಅಧಿಕಾರಿಗಳು ಹೆಂಗಸರಿಗೆ ಎಚ್ಚರಿಕೆ ಹೇಳಿ ಬಿಟ್ಟರು. ಆಮೇಲೆ ಕೋರ್ಟು ಗಿಡ ಕಡಿಯುವುದನ್ನೂ ಜನರ ಚಿತ್ರ ಇಟ್ಟುಕೊಳ್ಳುವುದನ್ನೂ ನಿಲ್ಲಿಸಿ, ಅಧ್ಯಯನ ಮುಂದುವರಿಸಲು ಬಿಟ್ಟಿತು. ಮೇಡಂ ಬೇರೆ ಹುಡುಗಿಯನ್ನು ಸೇರಿಸಿಕೊಂಡರು. ಪತ್ರ ಕೇಳಲು ನಾನು ಹೋಗಲಿಲ್ಲ, ಅವರೂ ಕಳಿಸಲಿಲ್ಲ. ಎಂ.ಎಸ್ಸಿ. ಇನ್ನೂ ಆಗಿಲ್ಲ.

ಆ ದಿನ ಕಚೇರಿಯಿಂದ ಬಸ್ ನಿಲ್ದಾಣದ ತನಕ ಚಿಗವ್ವ ನನ್ನ ಜೊತೆಗೇ ನಡೆದು ಬಂದಳು. ಅವಳ ಊರಿನ ಬಸ್ಸು ನಿಂತಿತ್ತು. ನಾನು ಹತ್ತಲು ಹೋದೆ.

"ಖರೆ ಹೇಳಿದಿ. ಆತು," ಎಂದಳು. "ಆದ್ರ ಈಗ ಮನಿಗೆ ಬರಬ್ಯಾಡ."

"ಸಿಟ್ಟ ಬಂದೈತೇನು?"

"ಸಿಟ್ಟಲ್ಲವ್ವ. ಸಂಜಿಮುಂದ ಎಲ್ಲಾರೂ ನಮ್ಮ ಕಟ್ಟಿಗೆ ಬರ್ತಾರ. ಮನ್ಯಾಗಿನ ಸುಖ-ದುಃಖ ಹೇಳ್ಕೋತಾರ. ನೀ ಕುಂತ್ರ ಯಾರೂ ಬಾಯಿ ಬಿಡೂದಿಲ್ಲ."

ಬಸ್ಸಿನೊಳಗಿನ ಹತ್ತು ಹೆಂಗಸರೂ ಸುಮ್ಮನೆ ಕಿಟಕಿಯ ಆಚೆ ನೋಡುತ್ತಿದ್ದರು. ಚಿಗವ್ವ ಹತ್ತಿ ಕುಳಿತಳು. ಬಸ್ಸು ತಿರುವು ದಾಟುವ ಮೊದಲೇ ಒಳಗೆ ಮಾತು ಶುರುವಾದದ್ದು ಕೇಳಿಸಿತು. ನಾನು ಲಕ್ಷ್ಮೇಶ್ವರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿಕೊಂಡು ಆ ಕಡೆ ಹೋದೆ.