ನನಗೂ ಬಿದ್ದ ಇಂಕು

ತಡೀರಿ, ಇದನ್ನೊಂದು ಕೇಳಿ! ಹತ್ತನೇ ತರಗತಿಯನ್ನು ಮನೆಯಲ್ಲೇ ಓದಿ, ದೇವನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಪರೀಕ್ಷೆ ಬರೆದವನು ನಾನು. ಕೊನೇ ಪೇಪರ್ ಮುಗಿದ ಕೂಡಲೇ ಅಲ್ಲಿನ ಹುಡುಗರು ವಾಡಿಕೆಯಂತೆ ಒಬ್ಬರ ಮೇಲೊಬ್ಬರು ಇಂಕು ಎರಚಿಕೊಂಡು ಕುಣಿಯುತ್ತಿದ್ದರು. ನಾನು ಗೇಟಿನ ಬಳಿ ಅಪ್ಪನಿಗಾಗಿ ಕಾಯುತ್ತಾ ನೋಡುತ್ತಿದ್ದೆ. ಅವರ ಯೂನಿಫಾರ್ಮಿನಂತೆ ನನ್ನದೂ ಬಿಳಿ ಅಂಗಿ. ಇದ್ದಕ್ಕಿದ್ದಂತೆ ಬೆನ್ನಿಗೆ ತಣ್ಣಗೆ ಇಂಕು ಬಿತ್ತು.

“ಏನ್ಲಾ, ನೀನೊಬ್ನೇ ಬೆಳ್ಳಗೆ ನಿಂತಿದೀಯಾ!”

ನಗುತ್ತಲೇ ತಿರುಗಿದೆ. ನನ್ನ ಮುಖ ಕಂಡು ಆ ಹುಡುಗ ಪೆಚ್ಚಾದ.

“ಅಯ್ಯೋ, ಸಾರಿ ಗುರು. ನಮ್ ಕ್ಲಾಸೋನು ಅನ್ಕೊಂಡ್ಬಿಟ್ಟೆ.”

“ಪರವಾಗಿಲ್ಲ, ಇನ್ನೊಂಚೂರು ಹಾಕು” ಎನ್ನುವಷ್ಟರಲ್ಲಿ ಅವನು ತನ್ನ ಗುಂಪಿಗೆ ಓಡಿಹೋಗಿದ್ದ.

ಮನೆಗೆ ಬಂದಾಗ ಕಲೆ ತೆಗೆಯಲು ಅಮ್ಮ ನಿಂಬೆಹಣ್ಣು ಹೆಚ್ಚಿದರು. ನಾನು ಅಂಗಿ ಕೊಡಲಿಲ್ಲ. ಮನೆಯಲ್ಲೇ ಓದಿದವರೇ, ನಿಮ್ಮ ಕೊನೇ ಪರೀಕ್ಷೆಯ ದಿನ ಹೇಗಿತ್ತು? ನೀವೂ ಬರೆಯಿರಿ.