ಎರಡು ಡಬ್ಬಿಯ ಚಹಾ

ನಮ್ಮ ಮನೆಯಲ್ಲಿ ಒಂದೇ ಚಹಾ ಎರಡು ಡಬ್ಬಿಗಳಲ್ಲಿದೆ ಎಂದರೆ ನೀವು ನಗುತ್ತೀರಿ. ನಗಿ. ಒಂದರಲ್ಲಿ ಹಸಿರು ಎಲೆ, ಇನ್ನೊಂದರಲ್ಲಿ ಹುರಿದ ಅಕ್ಕಿ. ಜಪಾನಿನವರು ಎರಡನ್ನೂ ಬೆರೆಸಿಯೇ ಮಾರುತ್ತಾರೆ. ಬೇರೆ ಮಾಡಿದ್ದು ನಮ್ಮವ್ವ.

ಅವ್ವ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಅಕ್ಕಿ ಹುರಿದು ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಜಂಬವೇ ಇದೆ. ನನ್ನ ಬಟ್ಟೆಗೂ ಭಟ್ಟಿಯ ಘಮ ಅಂಟಿರುತ್ತಿತ್ತು. ಕಾಲೇಜಿನಲ್ಲಿ ನನ್ನ ಪಕ್ಕ ಕೂತವರಿಗೆ ಪಾಠದ ನಡುವೆಯೇ ಹಸಿವಾಗುತ್ತಿತ್ತು.

ಅವ್ವ ಅಮೆರಿಕಕ್ಕೆ, ಇಸ್ಸಾಕ್ವಾದ ನಮ್ಮ ಮನೆಗೆ ಬಂದಾಗ ಆಫೀಸಿನ ಜಪಾನಿ ಗೆಳತಿಯೊಬ್ಬಳು ಈ ಚಹಾದ ಪೊಟ್ಟಣ ಕಳಿಸಿದ್ದಳು. ಮರುದಿನ ಸಂಜೆ ನಾನು ಬಂದು ನೋಡಿದರೆ, ಅವ್ವ ಅದನ್ನು ತಟ್ಟೆಯಲ್ಲಿ ಹರವಿಕೊಂಡು, ಈ ಮನೆಯಲ್ಲಿ ಒಂದು ಮೊರವೂ ಇಲ್ಲವೆಂದು ಗೊಣಗುತ್ತಾ ಕಾಳು ಕಾಳಾಗಿ ಆರಿಸುತ್ತಿದ್ದಳು.

“ಯಾರ್ ಕೊಟ್ರೇ ಇದನ್ನ? ಚಾಪುಡಿಗೆ ಮಂಡಕ್ಕಿ ಬೆರೆಸ್ಯಾರೆ! ಅಷ್ಟು ಓದಿದೋಳು, ನೋಡಿ ಇಸ್ಕೋಬಾರ್ದಾ?”

“ಅವ್ವಾ, ಅದು ಇರೋದೇ ಹಂಗೆ.”

“ಹಂಗಂತ ನಿಂಗೆ ನಂಬಿಸ್ಯಾರೆ.” ಒಂದು ಕಾಳು ಬಾಯಿಗೆ ಹಾಕಿಕೊಂಡಳು. “ಅಕ್ಕಿ ಮಾತ್ರ ಹದವಾಗಿ ಹುರಿದಾರೆ ಬಿಡು.”

ಎಲೆ ದುಬಾರಿಯಾಗಿದ್ದ ಕಾಲದಲ್ಲಿ ಜಪಾನಿನ ಬಡವರು, ಇದ್ದದ್ದು ಹೆಚ್ಚು ದಿನ ಬರಲಿ ಎಂದು ಅಕ್ಕಿ ಬೆರೆಸಿಕೊಂಡರಂತೆ. ಇದನ್ನು ಆಮೇಲೆ ಎಲ್ಲೋ ಓದಿದೆ. ಅಂದರೆ ಅವ್ವ ಹೇಳಿದ ಕಲಬೆರಕೆ ಪೂರ್ತಿ ಸುಳ್ಳಲ್ಲ. ಫೋನಿನಲ್ಲಿ ಹೇಳಿದ್ದರೆ “ನಾನ್ ಅವತ್ತೇ ಹೇಳ್ಲಿಲ್ವಾ?” ಎಂದು ಗೆಲುವಿನ ನಗೆ ನಗುತ್ತಿದ್ದಳು. ಆದರೆ ಊರಿಗೆ ಮರಳಿದ ಅವ್ವ ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದಳು. ಹೇಳಬೇಕಾದವಳೇ ಇಲ್ಲದ ಮೇಲೆ, ಓದಿದ್ದೆಲ್ಲ ನನ್ನಲ್ಲೇ ಉಳಿಯಿತು.

“ಜಸ್ಟ್ ಮಿಕ್ಸ್ ಇಟ್ ಬ್ಯಾಕ್, ಅಮ್ಮಾ,” ಎಂದಳು ನನ್ನ ಮಗಳು. ಒಂದು ದಿನ ಎರಡೂ ಡಬ್ಬಿ ತೆರೆದು ಕೂತೆ. ಅವ್ವನ ಬೆರಳು ಆಡಿದ ಅಕ್ಕಿ. ಕೈ ಬರಲಿಲ್ಲ.

ಎಲೆಯನ್ನಷ್ಟೇ ಕುಡಿದು ಮುಗಿಸುತ್ತಿದ್ದೇವೆ. ಬರೀ ಒಗರು. ಅಕ್ಕಿಯ ಡಬ್ಬಿಯನ್ನು ಮಾತ್ರ ದಿನಕ್ಕೊಮ್ಮೆ ತೆರೆದು, ಮೂಸಿ, ಬಿಗಿಯಾಗಿ ಮುಚ್ಚುತ್ತೇನೆ. ತೆರೆದಷ್ಟೂ ಘಮ ಬೇಗ ಹೋಗುತ್ತದೆ. ಅಷ್ಟು ಓದಿದವಳು, ನನಗೆ ಗೊತ್ತಿಲ್ಲವೇ?

ಆದರೂ ತೆರೆಯುತ್ತೇನೆ.