ಉಪವಾಸ ಹಿಡಿದ ಕೊರಮೀನು

ನಿಜಾಮರ ಕಾಲದಲ್ಲಿ ಅಪ್ಪ ನಾರಾಯಣಪೇಟೆಯ ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ವರ್ಗವಾಗಿ ಹೊರಟ ಸಾಹೇಬರೊಬ್ಬರು ತಮ್ಮ ಗಾಜಿನ ಮೀನು ತೊಟ್ಟಿಯನ್ನು ಅವನಿಗೆ ಕೊಟ್ಟುಹೋದರು. ನಾನು ಹಳ್ಳದಿಂದ ಸಣ್ಣ ಜಾತಿಯ ಎರಡು ಕೊರಮೀನು ತಂದು ಬಿಟ್ಟೆ. ಅವು ಹೊರಗೆ ಜಿಗಿಯದಂತೆ ಮೇಲೆ ಜರಡಿ ಮುಚ್ಚಿದೆ.

"ಲಿಂಗ ಕಟ್ಟಿದವರ ಮನ್ಯಾಗ ಮೀನಾ?" ಎಂದು ಅಜ್ಜಿ ಆ ಕೋಣೆಗೆ ಬರುವುದನ್ನೇ ಬಿಟ್ಟಳು.

ಮಳೆಗಾಲದಲ್ಲಿ ಒಂದು ಮೀನು ಎರೆಹುಳು ಮುಟ್ಟದಾಯಿತು. ಗದ್ದ ಉಬ್ಬಿಸಿಕೊಂಡು ಮೂಲೆ ಹಿಡಿಯಿತು. ಅದು ಸಾಯುತ್ತದೆಂದು ನಾನು ಅತ್ತೆ. ಅಳು ಕೇಳಿ ಬಂದ ಅಜ್ಜಿ ಅಂದಿನಿಂದ ದಿನಾ ಬಂದು ನೋಡತೊಡಗಿದಳು.

ಕೆಲವು ದಿನಗಳಾದ ಮೇಲೆ ಅದರ ಬಾಯಿಂದ ಜೀರಿಗೆಯಷ್ಟು ಮರಿಗಳು ಹೊರಬಂದವು. ಅಜ್ಜಿ ಬೀದಿಯಲ್ಲಿ ಹೋಗುತ್ತಿದ್ದ ಬೆಸ್ತನನ್ನು ಕರೆದು ತೋರಿಸಿದಳು.

"ತಾಯಿ ಉಪವಾಸ ಇದ್ದು ಮಕ್ಕಳನ್ನ ಉಳಿಸ್ಕೊಂಡೈತಿ ನೋಡು."

"ತಾಯಿ ಅಲ್ರೀ ಅವ್ವಾ, ತಂದಿ," ಎಂದ ಅವನು. "ಇದರಾಗ ಗಂಡೇ ತತ್ತಿ ಬಾಯಾಗ ಇಟ್ಕೊಂಡು ಕಾಯ್ತೈತ್ರಿ."

ನನ್ನ ಅವ್ವ ನನ್ನನ್ನು ಹೆತ್ತ ವಾರದಲ್ಲೇ ತೀರಿಕೊಂಡಿದ್ದಳು. ಅಜ್ಜಿ ಒಳಕ್ಕೆ ತಿರುಗಿ, "ಬಾರೋ, ನಿನ್ನಂಥವ ಇಲ್ಲೊಬ್ಬ ಅದಾನ," ಎಂದು ಅಪ್ಪನನ್ನು ಕೂಗಿದಳು.

ಆ ದಿನ ಅಪ್ಪ ಕಚೇರಿಗೆ ತಡವಾಗಿ ಹೋದ.